ಕಣ್ಣು ತೆರೆದು ಮಾಡಿದ ಪ್ರಾರ್ಥನೆ

ರೈಲ್ವೆ ಗೇಟು, ಶಿವನಿ
೧೪ ನವೆಂಬರ್ ೧೯೮೩

ಅಮ್ಮ ಹೋದ ಮೇಲೆ ಅಮ್ಮನೇ ಆಗಿ ನನ್ನನ್ನು ಸಾಕಿದ ಜೀವರತ್ನಕ್ಕನಿಗೆ,

ಕರ್ತನ ಕೃಪೆಯಿಂದ ನಾನು, ಕರುಣಾ, ಮಕ್ಕಳು ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂತು. ಅಕ್ಷರಗಳು ಒಂದೊಂದೂ ಹುಣಸೆಬೀಜದಷ್ಟು ದಪ್ಪಗಿವೆ, ಆದರೆ ನೀನೇ ಬರೆದಿದ್ದೀಯ. ಎರಡು ವರ್ಷದಿಂದ ಪಕ್ಕದ ಮನೆಯವರ ಕೈಯಲ್ಲಿ ಬರೆಸುತ್ತಿದ್ದವಳು ಕಣ್ಣಿನ ಆಪರೇಷನ್ ಆಗಿ ತಿಂಗಳೊಳಗೆ ಪೆನ್ನು ಹಿಡಿದೆಯಲ್ಲ, ಕರುಣಾ ಅದನ್ನು ಓದಿ ಅತ್ತೇಬಿಟ್ಟಳು. ನಾನೂ ಸಂತೋಷಪಟ್ಟೆ. ಕೊನೆಯ ನಾಲ್ಕು ಸಾಲು ಓದುವ ತನಕ.

ಬರುವ ಭಾನುವಾರ ತರೀಕೆರೆಯ ನಮ್ಮ ಮನೆಯಲ್ಲೇ ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡಿದ್ದೇನೆ, ಚರ್ಚಿನ ಅಯ್ಯನವರೂ ಸಭೆಯವರೂ ಬರುತ್ತಾರೆ, ನೀನೇ ಪ್ರಾರ್ಥನೆ ನಡೆಸಬೇಕು, ಆ ರೈಲು ನಿಂತ ಸಾಕ್ಷಿಯನ್ನು ಇನ್ನೊಂದು ಸಲ ಹೇಳಬೇಕು ಎಂದು ಬರೆದಿದ್ದೀಯ. ಆ ಕಾಗದವನ್ನು ನಾಲ್ಕು ದಿನದಿಂದ ಗೇಟಿನ ಕೋಣೆಯಲ್ಲಿ ಬಾವುಟಗಳ ಕೆಳಗೆ ಇಟ್ಟುಕೊಂಡಿದ್ದೇನೆ. ಅಕ್ಕ, ಅಲ್ಲಿಗೆ ಬಂದು ಬಾಯಿ ತೆರೆಯುವ ಮೊದಲು ಒಂದು ಮಾತನ್ನು ನಿನಗೊಬ್ಬಳಿಗೇ ಹೇಳಬೇಕು. ಓದಿದ ಮೇಲೆ ನನ್ನನ್ನು ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು.

ನನಗೆ ಪ್ರಾರ್ಥನೆ ಕಲಿಸಿದವಳು ನೀನು. ಅದಕ್ಕಿಂತ ಹೆಚ್ಚಾಗಿ, ಕಲಿಸಿದ್ದು ನಿನ್ನ ಸೌಟು. ತಟ್ಟೆಯ ಮುಂದೆ ಕೂತು ಕಣ್ಣು ಮುಚ್ಚಿದಾಗ ನಾನು ಒಂದು ಕಣ್ಣನ್ನು ಅರ್ಧ ಬಿಟ್ಟು ಯಾರಿಗೆ ಮೀನಿನ ತಲೆ ಬಂತು ಎಂದು ನೋಡುತ್ತಿದ್ದೆ. ತಕ್ಷಣ ಮಂಡಿಯ ಮೇಲೆ ಟಪ್ ಎಂದು ಸೌಟು. "ಕಣ್ ಮುಚ್ಚೋ ಜಯಶೀಲ. ದೇವ್ರತ್ರ ಮಾತಾಡೋವಾಗ ಸಾರಿನ್ ಪಾತ್ರೆ ನೋಡ್ತೀಯಲ್ಲೋ" ಎನ್ನುತ್ತಿದ್ದೆ. ನಿನ್ನ ಕಣ್ಣೂ ಮುಚ್ಚಿರಬೇಕಾಗಿತ್ತಲ್ಲ, ನನ್ನದು ತೆರೆದದ್ದು ನಿನಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಹೇಗೂ ಪಾಠ ಮೈಗೆ ಹತ್ತಿತು. ಮಂಡಿಯೂರಬೇಕು, ಕೈ ಜೋಡಿಸಬೇಕು, ಕಣ್ಣು ಬಿಗಿಯಾಗಿ ಮುಚ್ಚಬೇಕು, ಮನೆಯವರ ಹೆಸರು, ಸಭೆಯವರ ಹೆಸರು, ಕಾಯಿಲೆಯವರ ಹೆಸರು ಒಂದೂ ಬಿಡದೆ ಹೇಳಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ಪ್ರಾರ್ಥನೆಯೇ ಅಲ್ಲವೆಂದು ನಾನು ನಂಬಿದ್ದೆ.

ಎಪ್ಪತ್ತಾರರ ಅಕ್ಟೋಬರ್ ಅದು. ಬೆಳಗಿನ ಹೊತ್ತು. ಸ್ಟೇಷನ್ನಿನಿಂದ ಫೋನು ಬಂತು, ಅಜ್ಜಂಪುರದ ಕಡೆಯಿಂದ ಗೂಡ್ಸ್ ಹೊರಟಿದೆ, ಗೇಟು ಹಾಕು ಎಂದರು. ಆಗಲಿ ಸಾರ್ ಎಂದೆ. ಆ ಹೊತ್ತಿಗೆ ನನ್ನ ಬೆಳಗಿನ ಪ್ರಾರ್ಥನೆ ಆಗಿರಲಿಲ್ಲ. ಗೂಡ್ಸ್ ಬರುವುದಕ್ಕೆ ಇನ್ನೂ ಸಮಯವಿದೆ, ಮೊದಲು ದೇವರು, ಆಮೇಲೆ ಗೇಟು ಎಂದುಕೊಂಡು ಕೋಣೆಯೊಳಗೆ ಮಂಡಿಯೂರಿದೆ. ಆಗ ನಿನಗೆ ಜ್ವರವಿತ್ತು. ನಿನ್ನ ಹೆಸರಿಗೆ ಬಂದು ಅಲ್ಲೇ ನಿಂತುಬಿಟ್ಟೆ, ಎಷ್ಟು ಹೊತ್ತೋ ಗೊತ್ತಿಲ್ಲ. ಎಂಜಿನ್ ಕೂಗಿದಾಗಲೇ ಕಣ್ಣು ಬಿಟ್ಟದ್ದು.

ಹೊರಗೆ ಓಡಿ ಬಂದರೆ ಗೇಟು ತೆರೆದೇ ಇದೆ. ಹಳಿಯ ಮೇಲೆ ಹಾಲಮ್ಮನ ಎತ್ತಿನ ಗಾಡಿ. ಹಾಲಮ್ಮ ನಿನಗೆ ಗೊತ್ತಿಲ್ಲ, ನಮ್ಮ ಗೇಟಿನಾಚೆ ಹೊಲ ಮಾಡಿಕೊಂಡಿರುವ ಗಟ್ಟಿ ಹೆಂಗಸು, ಗಂಡ ಸತ್ತ ಮೇಲೆ ಗಾಡಿಯನ್ನೂ ತಾನೇ ಹೊಡೆಯುತ್ತಾಳೆ. ಅವತ್ತು ಈರುಳ್ಳಿ ಮೂಟೆ ಹೇರಿಕೊಂಡು ಸಂತೆಗೆ ಹೊರಟಿದ್ದಳು. ಎತ್ತುಗಳು ಬೆದರಿ ನಿಂತುಬಿಟ್ಟಿದ್ದವು. ನನ್ನ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಅವಳೇ ಬಾಲ ತಿರುಚಿ, ಕೂಗಿ, ಹೊಡೆದು ಗಾಡಿಯನ್ನು ಆಚೆಗೆ ದಾಟಿಸಿದಳು. ಆ ರಭಸಕ್ಕೆ ಹಿಂದಿನ ಎರಡು ಮೂಟೆ ಉರುಳಿ ಹಳಿಯ ಮೇಲೆ ಬಿದ್ದವು. ಎಂಜಿನ್ ಅವನ್ನು ಅರೆದುಕೊಂಡು ಹೋಗಿ ಸ್ವಲ್ಪ ಮುಂದೆ ನಿಂತಿತು. ಅಷ್ಟು ಈರುಳ್ಳಿಯ ಘಾಟಿಗೆ ಅಲ್ಲಿದ್ದ ಎಲ್ಲರ ಕಣ್ಣಲ್ಲೂ ನೀರು, ಡ್ರೈವರನ ಕಣ್ಣಲ್ಲೂ. ನಾನು ನಿಜವಾಗಿ ಅಳುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ಮಾರನೆಯ ದಿನ ಇನ್‌ಸ್ಪೆಕ್ಟರು ಟ್ರಾಲಿಯಲ್ಲಿ ಬಂದರು. ನನ್ನನ್ನು ಕೇಳುವ ಮೊದಲೇ ಹಾಲಮ್ಮ, "ಇವ್ರು ಗೇಟು ಹಾಕ್ತಿದ್ರು, ಸಂತೆಗೆ ಹೊತ್ತಾಯ್ತು ಅಂತ ನಾನೇ ನುಗ್ದೆ" ಎಂದುಬಿಟ್ಟಳು. ಇನ್‌ಸ್ಪೆಕ್ಟರು ಅವಳನ್ನು ಚೆನ್ನಾಗಿ ಬೈದು ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ, ಅಕ್ಕ. ತುಟಿ ಎರಡು ಮಾಡಲಿಲ್ಲ.

ಆಮೇಲಿನದು ನಿನಗೆ ಗೊತ್ತು. ಗೊತ್ತಿದೆ ಎಂದು ನೀನು ಅಂದುಕೊಂಡದ್ದು ಅಷ್ಟೇ. ಸಭೆಯಲ್ಲಿ ನಿಂತು, ಹೆಂಗಸೊಬ್ಬಳು ಹಳಿಗೆ ನುಗ್ಗಿದಳು, ನಾನು ಮಂಡಿಯೂರಿ ಪ್ರಾರ್ಥಿಸಿದೆ, ರೈಲು ನಿಂತಿತು ಎಂದೆ. ಪ್ರಾರ್ಥಿಸಿದ್ದು ನಿಜ, ರೈಲು ನಿಂತದ್ದೂ ನಿಜ. ನಾನು ಪ್ರಾರ್ಥಿಸುತ್ತ ಕೂತದ್ದರಿಂದಲೇ ಗೇಟು ತೆರೆದಿತ್ತು ಎಂಬುದನ್ನು ನುಂಗಿಕೊಂಡೆ. ಎಲ್ಲರೂ ಸ್ತೋತ್ರ ಎಂದರು. ನೀನು ಜ್ವರದಿಂದ ಎದ್ದ ಮೈಯಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಆ ಮುಖ ನೋಡಿದ ಮೇಲೆ ನಿಜ ಹೇಳುವ ದಾರಿ ಮುಚ್ಚಿಹೋಯಿತು.

ಅವತ್ತಿನಿಂದ ನಾನು ಪ್ರಾರ್ಥನೆ ಮಾಡಿಲ್ಲ. ಏಳು ವರ್ಷ. ಕಣ್ಣು ಮುಚ್ಚಿದರೆ ಎಂಜಿನ್ನಿನ ಕೂಗು ಕೇಳುತ್ತಿತ್ತು. ಮುಚ್ಚದೆ ಪ್ರಾರ್ಥನೆ ಇಲ್ಲ ಎಂದು ನೀನು ಕಲಿಸಿದ್ದೆ. ಹಾಗಾಗಿ ಕಣ್ಣು ಮುಚ್ಚಿಯೂ ಇಲ್ಲ, ತೆರೆದೂ ಇಲ್ಲ ಎಂದಾಯಿತು. ಊಟದ ಮುಂದೆ ಮಕ್ಕಳ ಎದುರಿಗೆ ತಲೆ ಬಗ್ಗಿಸಿ ಸುಮ್ಮನೆ ತಟ್ಟೆ ನೋಡುತ್ತಿದ್ದೆ. ಭಾನುವಾರ ಡ್ಯೂಟಿ ಬಿಡುವುದಿಲ್ಲ ಎಂದು ನಿನಗೆ ಬರೆಯುತ್ತಿದ್ದೆನಲ್ಲ, ಅದು ಸುಳ್ಳು. ಬೇರೆಯವರ ಭಾನುವಾರದ ಡ್ಯೂಟಿಯನ್ನು ನಾನೇ ಕೇಳಿ ಇಸಕೊಳ್ಳುತ್ತಿದ್ದೆ. ದೇವರು ನನ್ನ ಮೇಲೆ ಮುನಿದಿದ್ದಾನೆ ಎಂದುಕೊಂಡಿದ್ದೆ. ಈಗ ತಿರುಗಿ ನೋಡಿದರೆ, ಮಾತು ಬಿಟ್ಟವನು ನಾನು. ಹಾಲಮ್ಮ ಗೇಟು ದಾಟುವಾಗಲೆಲ್ಲ ಕೋಣೆಯೊಳಗೆ ಏನೋ ಕೆಲಸವಿದ್ದವನಂತೆ ಸೇರಿಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವ ಬದುಕು.

ಎರಡು ತಿಂಗಳ ಕೆಳಗೆ ಒಂದು ಮಧ್ಯಾಹ್ನ ಅವಳು ಗಾಡಿ ನಿಲ್ಲಿಸಿ ನೀರು ಕೇಳಿದಳು. ಚೊಂಬು ಕೊಟ್ಟೆ. ಹೊಂಗೆ ಮರದ ಕೆಳಗೆ ಕೂತು ಕುಡಿದು, ಈಚೆಗೆ ನಿನ್ನ ಹಾಡೇ ಕೇಳಿಸುವುದಿಲ್ಲವಲ್ಲ, ಮುಂಚೆ ಬೆಳಗಾದರೆ ಹಾಡುತ್ತಿದ್ದೆ ಎಂದಳು. ಅಷ್ಟಕ್ಕೇ ನನ್ನ ಕಟ್ಟೆ ಒಡೆಯಿತು. ಎಲ್ಲವನ್ನೂ ಹೇಳಿದೆ. ಅವಳು ಚೊಂಬು ಕೆಳಗಿಟ್ಟು ನಕ್ಕಳು.

"ಗೊತ್ತು ಕಣಪ್ಪಾ. ಅವತ್ತೇ ಕಿಟಕೀಲಿ ನೋಡಿದ್ದೆ, ನೀನು ಮಂಡಿ ಊರ್ಕಂಡು ಕೂತಿದ್ದೆ. ದೇವ್ರತ್ರ ಮಾತಾಡೋನ್ನ ಯಾಕೆ ಕೂಗಾನ ಅಂತ ಸುಮ್ಕೆ ಗಾಡಿ ಹೊಡ್ದೆ. ಕೂಗಿದ್ರೆ ಈರುಳ್ಳಿನಾದ್ರೂ ಉಳೀತಿತ್ತು."

ಹಾಗಾದರೆ ನನಗಾಗಿ ಯಾಕೆ ಬೈಸಿಕೊಂಡೆ ಎಂದು ಕೇಳಿದೆ. ಬೈಗುಳ ಮೈಗೆ ಅಂಟುತ್ತದೆಯೇ ಎಂದಳು. ಅವತ್ತಿನಿಂದ ಪ್ರಾರ್ಥನೆ ಬಿಟ್ಟಿದ್ದೇನೆ ಎಂದಾಗ ಮಾತ್ರ ಅವಳ ನಗು ನಿಂತಿತು.

"ಅಲ್ಲ ಕಣಪ್ಪಾ, ನಾನು ಎತ್ತು ಹೊಡ್ಕಂಡೇ ನಮ್ಮ ಬೀರಪ್ಪಂಗೆ ಕಷ್ಟ ಸುಖ ಹೇಳ್ಕತೀನಿ. ಕಣ್ ಮುಚ್ಕಂಡ್ರೆ ಗಾಡಿ ಹಳ್ಳಕ್ಕೆ ಹೋಯ್ತದೆ. ನೀನು ಕಣ್ ಬಿಟ್ಕಂಡ್ರೆ ನಿಮ್ಮ ದೇವ್ರಿಗೆ ಕಿವಿ ಕೇಳ್ಸಲ್ವಾ?"

ಅವಳ ದೇವರು ಬೇರೆ, ನಮ್ಮ ನಂಬಿಕೆ ಬೇರೆ, ಅದೆಲ್ಲ ನನಗೆ ಗೊತ್ತು. ಆದರೂ ಅಕ್ಕ, ಇಷ್ಟು ವರ್ಷದ ಉಪದೇಶದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಆ ಹೆಂಗಸು ಸೆರಗಿನಲ್ಲಿ ಬಾಯೊರೆಸಿಕೊಳ್ಳುತ್ತ ಕೇಳಿ ಗಾಡಿ ಹತ್ತಿದಳು.

ಸಂಜೆಯ ಪ್ಯಾಸೆಂಜರಿಗೆ ಫೋನು ಬಂತು. ಹೋಗಿ ಗೇಟಿನ ಹ್ಯಾಂಡಲು ತಿರುಗಿಸುತ್ತಿದ್ದೆ. ಬಾಯಿ ತಾನಾಗಿ ಮಾತಾಡಿತು: "ಸ್ವಾಮಿ, ಗೇಟು ಹಾಕ್ತಿದೀನಿ, ನೋಡು." ಅಷ್ಟೇ. ಏಳು ವರ್ಷದ ಮೇಲೆ ನಾನು ಅವನಿಗೆ ಹೇಳಿದ ಮೊದಲ ಮಾತು ಅದು. ಕಣ್ಣು ತೆರೆದಿತ್ತು, ಕೈ ಕೆಲಸದಲ್ಲಿತ್ತು, ದಾರಿಯ ಎರಡೂ ಕಡೆ ಕಾಣುತ್ತಿತ್ತು. ಬೀಗ ಹಾಕಿ, ಹಸಿರು ಬಾವುಟ ಹಿಡಿದು ನಿಂತೆ. ರೈಲು ಹೋಯಿತು. ಕಿಟಕಿಗಳಲ್ಲಿ ಕೂತ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಇವಳನ್ನು ಸುಖವಾಗಿ ಮುಟ್ಟಿಸಪ್ಪಾ, ಈ ಮುದುಕನನ್ನೂ ಎಂದೆ. ಕಣ್ಣು ಮುಚ್ಚಿದ್ದರೆ ಅವರೆಲ್ಲ ನನಗೆ ಕಾಣುತ್ತಲೇ ಇರಲಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಆ ದಿನ ಮನೆಗೆ ಹೋಗಿ ಎರಡು ಮುದ್ದೆ ಉಂಡೆ. ನನಗೇನಾಗಿದೆ ಎಂದು ಕರುಣಾ ಹಣೆ ಮುಟ್ಟಿ ನೋಡಿದಳು.

ಈಗ ದಿನವಿಡೀ ಮಾತೇ. ಕರುಣಾಳ ಮಂಡಿನೋವು, ಮಗನ ಲೆಕ್ಕದ ಪರೀಕ್ಷೆ, ಹಾಲು ಕೊಡದ ಆಡು, ಎಲ್ಲವನ್ನೂ ಹೇಳುತ್ತೇನೆ. ಕೆಲವು ಸಲ ಜಗಳವನ್ನೂ ಆಡುತ್ತೇನೆ. ಮುಂಚೆ ಬೆಳಗ್ಗೆ ಒಂದು ಸಲ ದೊಡ್ಡ ಸಾಹೇಬರಿಗೆ ಅರ್ಜಿ ಕೊಟ್ಟ ಹಾಗೆ ಪ್ರಾರ್ಥಿಸಿ, ಉಳಿದ ಹೊತ್ತೆಲ್ಲ ಅವನನ್ನು ಮರೆತಿರುತ್ತಿದ್ದೆ. ಈಗ ಅವನು ಕೋಣೆಯ ಹೊರಗೂ ನನ್ನ ಜೊತೆ ನಿಲ್ಲುತ್ತಾನೆ. ಕಣ್ಣು ಮುಚ್ಚಿದರೂ ಭಯವಿಲ್ಲ, ಆದರೆ ಗೇಟು ಹಾಕಿ ರೈಲು ದಾಟಿದ ಮೇಲೆ ಮಾತ್ರ ಮುಚ್ಚುತ್ತೇನೆ.

ಈಗಿನ ಇನ್‌ಸ್ಪೆಕ್ಟರಿಗೂ ನಿಜ ಹೇಳಿದೆ. ಬರೆದು ಕೊಡು ಎಂದರು, ಕೊಟ್ಟೆ. ಕೆಲಸ ಹೋಗುತ್ತದೆಂದು ಕರುಣಾ ಮೂರು ವಾರ ಸರಿಯಾಗಿ ಉಣ್ಣಲಿಲ್ಲ. ಹೋದ ಶನಿವಾರ ಎಚ್ಚರಿಕೆ ಕಾಗದವೊಂದು ಬಂತು, ಅಷ್ಟಕ್ಕೇ ಮುಗಿಯಿತು. ಆ ಕಾಗದ ಓದಿ ಸ್ತೋತ್ರ ಹೇಳಿದವನು ಈ ಲೈನಿನಲ್ಲಿ ನಾನೊಬ್ಬನೇ ಇರಬೇಕು.

ಉಳಿದವಳು ನೀನು. ನಿನಗೆ ಹೇಳಲು ಇನ್‌ಸ್ಪೆಕ್ಟರಿಗಿಂತ ಹೆಚ್ಚು ಹೆದರಿದೆ. ಏಳು ವರ್ಷ ನನ್ನ ಸಾಕ್ಷಿಯನ್ನು ಊರೂರಿನಲ್ಲಿ ಹೇಳಿ ಹೆಮ್ಮೆಪಟ್ಟವಳಿಗೆ ಅವಮಾನ ಮಾಡುತ್ತಿದ್ದೇನೆ. ಕ್ಷಮಿಸು, ಅಕ್ಕ. ಭಾನುವಾರ ಇನ್ನೊಬ್ಬ ಗೇಟ್‌ಮನ್ ಉಗ್ರಪ್ಪ ನನ್ನ ಗೇಟು ನೋಡಿಕೊಳ್ಳಲು ಒಪ್ಪಿದ್ದಾನೆ. ಬೇಡವೆಂದು ನೀನು ಬರೆಯದಿದ್ದರೆ ಬೆಳಗಿನ ಗಾಡಿಗೆ ಹತ್ತಿ, ಬೀರೂರಿನಲ್ಲಿ ಬದಲಿಸಿ ಬರುತ್ತೇನೆ. ಸಾಕ್ಷಿಯನ್ನೂ ಹೇಳುತ್ತೇನೆ, ಈ ಸಲ ಮೊದಲಿನಿಂದ, ಹಾಲಮ್ಮನ ಹೆಸರು ಸೇರಿಸಿ. ಅವಳು ನಿನಗೆಂದು ಒಂದು ಚೀಲ ಈರುಳ್ಳಿ ಕೊಟ್ಟಿದ್ದಾಳೆ, ತರುತ್ತೇನೆ.

ಆಮೇಲೆ ನಿನ್ನ ಕಣ್ಣಿಗಾಗಿ ಪ್ರಾರ್ಥಿಸುತ್ತೇನೆ. ದಪ್ಪ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿರು, ಸೌಟನ್ನೂ ಪಕ್ಕದಲ್ಲಿಟ್ಟುಕೋ. ಇಷ್ಟು ದಿನದ ಮೇಲೆ ನಿನ್ನ ಮುಖ ನೋಡುತ್ತ ದೇವರಿಗೆ ವಂದನೆ ಹೇಳಬೇಕೆಂದಿದ್ದೇನೆ. ಕಣ್ಣು ಮುಚ್ಚುವುದಿಲ್ಲ. ಹೊಡೆಯುವುದಾದರೆ ಆಮೆನ್ ಆದ ಮೇಲೆ ಹೊಡೆ.

ಕರ್ತನು ನಿನ್ನ ಕಣ್ಣಿನ ಬೆಳಕನ್ನು ಕಾಯಲಿ. ಫೋನು ಬಡಿಯುತ್ತಿದೆ, ಅವನೂ ನಾನೂ ಗೇಟು ಹಾಕಲು ಹೋಗುತ್ತೇವೆ.

ನಿನ್ನ ಏಟಿಗೆ ಮಂಡಿ ಒಡ್ಡಿ ಕೂತ ತಮ್ಮ,
ಜಯಶೀಲ