ಸೋಮವಾರ ಹಸಿದ ಜೀವಗಳು

ತಾಂಡೂರು
9 ನವೆಂಬರ್ 2024

ಪ್ರೀತಿಯ ತಮ್ಮ ಸಂಗುಗೆ,

ಅಕ್ಕ ಪ್ರೇಮಲಾಳ ಆಶೀರ್ವಾದ. ನಾವೆಲ್ಲ ಕ್ಷೇಮ, ನೀನು ಕ್ಷೇಮವೋ ಅಲ್ಲವೋ ಈ ಕಾಗದ ಓದಿದ ಮೇಲೆ ತಿಳಿಯುತ್ತದೆ. ನಿನ್ನ ಪ್ರಬಂಧದ ಮೂರನೇ ಅಧ್ಯಾಯ ಬಂದು ಮೂರು ವಾರವಾಯಿತು. ಕಾಲೇಜಿನಲ್ಲಿ ಪರೀಕ್ಷೆಯ ಗಲಾಟೆ, ತಡವಾಯಿತು, ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ಇಕ್ಕಟ್ಟಿನ ಪ್ರಶ್ನೆ ಕೇಳಿದೊಡನೆ ಬೆಲ್ಜಿಯಂನಲ್ಲಿ ಸಿಗ್ನಲ್ ಹೋಗುತ್ತದೆ.

ಅವ್ವನನ್ನು ನೋಡಲು ನಾರಾಯಣಖೇಡಕ್ಕೆ ಹೋಗುವಾಗ ಬಸ್ಸಿನಲ್ಲಿ ಓದುತ್ತಿದ್ದೆ. ಜಹೀರಾಬಾದಿನಲ್ಲಿ ಹತ್ತಿದ ಹೆಂಗಸೊಬ್ಬಳು ಚಿತ್ರಗಳನ್ನು ಇಣುಕಿ ನೋಡಿದಳು.

"ಇವೇನ್ರಿ ಅಕ್ಕೋರೆ?"

"ಸಮುದ್ರದಾಗ ಕರೆಂಟ್ ಮಾಡೋ ಗಾಳಿ ಫಂಕಾ ನಿಲ್ಲಿಸ್ಯಾರ. ಅದರ ಕಾಲಿಗಿ ಅಂಟಿದ ಹುಳಾ, ಚಿಪ್ಪು ಏನ್ ತಿಂತಾವ ಅಂತ ನಮ್ ತಮ್ಮ ನೋಡ್ತಾನ."

"ಇದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ್ರಿ."

"ನಮ್ ಮನ್ಯಾಗ ಯಾರ್ ಏನ್ ತಿಂದ್ರು ಅಂತ ನಾ ದಿನಾ ನೋಡ್ತೀನಿ. ನನಗ್ಯಾರ್ ಕೊಡ್ತಾರವ್ವಾ!"

ಅಧ್ಯಾಯ ಚೆನ್ನಾಗಿದೆ. ಕಂಬದ ಮೇಲ್ಭಾಗದಲ್ಲಿ ಚಿಪ್ಪಿನ ಜೀವಿಗಳು ನೀರು ಸೋಸಿ ಉಣ್ಣುತ್ತವೆ. ಕೆಳಗೆ ಹೂವಿನಂತೆ ಕಾಣುವ ಕಡಲಹೂ ಜೀವಿಗಳು ತೇಲಿಬಂದದ್ದನ್ನು ಹಿಡಿಯುತ್ತವೆ. ಮೇಲಿನವರ ಎಂಜಲಿನಲ್ಲಿ ಕಿರುಹುಳಗಳ ಸಂಸಾರ ನಡೆಯುತ್ತದೆ. ನಮ್ಮ ಓಣಿಯಂತೆಯೇ.

ಆದರೆ 'ಹಸಿವಿನ ದಿನಗಳು' ಎಂಬ ಭಾಗಕ್ಕೆ ಬಂದಾಗ ನನ್ನ ಮೂಗು ಅರಳಿತು. ಐದು ದಿನ ಮುಳುಗುಗಾರರು ತಂದ ಜೀವಿಗಳ ಹೊಟ್ಟೆ ಪೂರಾ ಖಾಲಿ. ಆ ದಿನಗಳಲ್ಲಿ ಕಡಲಿನ ಹರಿವಿನಲ್ಲಿ ಆಹಾರವೇ ಇರಲಿಲ್ಲ ಎಂದು ನಿನ್ನ ವಾದ. ಜೂನ್ 3, ಜೂನ್ 17, ಜುಲೈ 8, ಆಗಸ್ಟ್ 5, ಸೆಪ್ಟೆಂಬರ್ 2. ಕ್ಯಾಲೆಂಡರ್ ತೆಗೆದೆ. ಐದೂ ಸೋಮವಾರ! ಉಪನ್ಯಾಸ ಮಾಡುವ ನಾನೇ ಸೋಮವಾರದ ಉಪವಾಸ ಮಾಡುವುದಿಲ್ಲ, ಬೆಲ್ಜಿಯಂನ ಚಿಪ್ಪುಗಳು ಮಾಡುತ್ತವೆಯೇ?

ನಾರಾಯಣಖೇಡದಲ್ಲಿ ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೆಲ್ಲಗೆ ಕೇಳಿದೆ.

"ಅವ್ವ, ಸಂಗುಗ ಸೋಮಾರದ ಬಗ್ಗೆ ಏನರ ಹೇಳಿದ್ದೇನು?"

"ಹೇಳೀನಿ ಮತ್ತ. ಶಿವನ ದಿನ, ಅವತ್ತು ಮಾತ್ರ ಜೀವಕ್ಕ ಕತ್ತಿ ಹಚ್ಚಬ್ಯಾಡ ಅಂತ ಆಣಿ ಹಾಕಿಸೀನಿ."

"ಹಂಗಾರ ಸೋಮಾರ ಸಮುದ್ರದಿಂದ ಬಂದದ್ದಕ್ಕ ಏನ್ ಮಾಡ್ತಾನ?"

"ಬಕೇಟಿನಾಗ ಸೋಸಿದ ನೀರ ಹಾಕಿ ಬಿಡ್ತಾನಂತ, ಮರದಿನ ಕೊಯ್ತಾನಂತ. ನನ್ ಮಾತ ಮೀರಾಂವಲ್ಲ ನನ್ ಮಗ."

"ಅಲ್ಲೀತನಕ ಅವು ಏನ್ ತಿನ್ನಬೇಕು?"

"ಒಂದಿನ ಒಪ್ಪತ್ತು ಇದ್ರ ಅವುಕ್ಕೂ ಪುಣ್ಯ ಬರ್ತದ, ಬಿಡು."

ನೋಡಿದೆಯಾ? ಆಹಾರವಿಲ್ಲದ್ದು ಕಡಲಿನಲ್ಲಲ್ಲ, ನಿನ್ನ ಬಕೇಟಿನಲ್ಲಿ. ರಾತ್ರಿ ಕಳೆಯುವಷ್ಟರಲ್ಲಿ ತಿಂದದ್ದೆಲ್ಲ ಕರಗಿ, ಹೊಟ್ಟೆ ಬರಿದಾಗಿದೆ.

ನಿನಗೆ ಇದು ಹೊಳೆಯಲಿಲ್ಲ ಎಂದು ನಂಬಲು ಪ್ರಯತ್ನಿಸಿದೆ. ಆಗಲಿಲ್ಲ. ಮೊದಲ ಕರಡಿನಲ್ಲಿ 'ಕೊಯ್ದ ದಿನ' ಎಂಬ ಕಾಲಮ್ಮಿತ್ತು, ಈಗಿಲ್ಲ. ಕಾಲಮ್ಮು ತಾನಾಗಿ ಈಜಿ ಹೋಗುವುದಿಲ್ಲ, ತಮ್ಮಾ. ಮೂರನೇ ತರಗತಿಯಿಂದ ನಿನ್ನ ಉತ್ತರಪತ್ರಿಕೆ ತಿದ್ದಿದವಳು ನಾನು. ನೀನು ಎಲ್ಲಿ ಅಳಿಸಿದ್ದೀ ಎಂದು ಕಾಗದ ಮುಟ್ಟಿದರೆ ನನಗೆ ಗೊತ್ತಾಗುತ್ತದೆ.

ಡಿಸೆಂಬರ್ ಕೊನೆಗೆ ಪ್ರಬಂಧ ಸಲ್ಲಿಸಬೇಕು, ಆ ಭಾಗವನ್ನೇ ನಿನ್ನ ಗೈಡ್ ಎಲ್ಲಕ್ಕಿಂತ ಮೆಚ್ಚಿದ್ದಾರೆ, ಎಲ್ಲ ಗೊತ್ತು. ಆದರೂ ಅವರಿಗೆ ನೀನೇ ಹೇಳು. ಆ ಐದು ದಿನಗಳನ್ನು ತೆಗೆದು ಹಾಕು, ಕಾರಣ ಬರೆ. ಆರು ತಿಂಗಳು ತಡವಾದರೆ ಆಗಲಿ. ಗಾಳಿಕಂಬದ ಬಗ್ಗೆ ಬರೆದದ್ದು ಗಾಳಿಮಾತಾಗಬಾರದು. ಅವ್ವನ ಆಣೆಯನ್ನು ಬಿಡಿಸುವ ಕೆಲಸ ನನಗಿರಲಿ.

ಚಳಿಗೆ ಕಿವಿ ಮುಚ್ಚಿಕೋ. ಶಿವ ನಿನ್ನನ್ನೂ ನಿನ್ನ ಚಿಪ್ಪುಗಳನ್ನೂ ಹೊಟ್ಟೆ ತುಂಬಿಸಿ ಇಡಲಿ.

ನಿನ್ನ ಅಕ್ಕ,
ಪ್ರೇಮಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಗೋವಾದಲ್ಲಿ ಕಡಲ ಸಂಶೋಧನೆಗೆ ನನಗೆ ಸೀಟು ಸಿಕ್ಕಿತ್ತು. ಉಪ್ಪುನೀರು ಒಗ್ಗುವುದಿಲ್ಲವೆಂದು ನಾನೇ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ. ಸುಳ್ಳು. "ಹೆಣ್ಮಕ್ಳು ಜೀವ ಕೊಯ್ಯಬಾರದು" ಎಂದು ಅವ್ವ ಎರಡು ದಿನ ಉಣ್ಣದೆ ಕೂತಳು. ನಿನಗೆ ವಾರದಲ್ಲಿ ಒಂದು ದಿನ ಬೇಡ ಅಂದಳು, ನನಗೆ ಏಳೂ ದಿನ. ಐದು ಸೋಮವಾರಗಳು ಸಾಲಾಗಿ ಕಂಡಾಗ ನನಗೆ ಮೊದಲು ಆದದ್ದು ಗಾಬರಿಯಲ್ಲ ಸಂಗು, ಖುಷಿ. ನೀನು ಗೈಡ್ ಮುಂದೆ ನಿಜ ಹೇಳಬೇಕೆಂದು ಬರೆದವಳು ಇಷ್ಟನ್ನಾದರೂ ನಿನ್ನ ಮುಂದೆ ಹೇಳಬೇಕಲ್ಲ.