ಪೈಪಿನ ಮೇಲೆ ಅಂಗೈ

ಅಕ್ಕ,

ಭೂಕಂಪಕ್ಕೆಂದು ತುಂಬಿದ ಚೀಲ ಬಾಗಿಲ ಹಿಂದೆ ನೇತಾಡುತ್ತಿದೆ. ಟಾರ್ಚು, ಮಾತ್ರೆ, ಬ್ಯಾಂಡೇಜು ಹಾಕಿದ್ದೇನೆ. ನೀರಿನ ಬಾಟಲಿ ನೀನು ತುಂಬಿಸಿಡು. ಬಿಸ್ಕತ್ತಿಗೆ ಕೈ ಹಾಕಬೇಡ. ಹೋದ ಸಲದ ಪೊಟ್ಟಣ ಯಾವ ಭೂಕಂಪಕ್ಕೆ ಖಾಲಿಯಾಯಿತೆಂದು ನನಗೆ ಗೊತ್ತು.

ನಿನಗೆ ಕಿವಿ ಕೇಳುವುದಿಲ್ಲ ಅನ್ನುವುದನ್ನೇ ಮರೆತು ಎರಡು ಸೀಟಿ ತಂದಿದ್ದೆ. ನೀನು ಊದಿದರೆ ನಾನು ಓಡಿ ಬಂದೇನು. ಗೋಡೆಯಡಿ ಸಿಕ್ಕಿಕೊಂಡವಳು ನಾನಾದರೆ? ಉಸಿರು ಹೋಗುವವರೆಗೆ ಊದಿದರೂ ನಿನಗೆ ತಿಳಿಯುವುದಿಲ್ಲ. ನಿನ್ನೆಯಿಂದ ಇದೇ ತಲೆ ತಿನ್ನುತ್ತಿದೆ.

ಆದರೆ ಮೊನ್ನೆ ನೆಲ ನಡುಗಿದಾಗ ಕಿವಿ ನೆಟ್ಟಗಿರುವ ನಾನು ಗೊರಕೆ ಹೊಡೆಯುತ್ತಿದ್ದೆ. ಎಬ್ಬಿಸಿ ಎಳೆದುಕೊಂಡು ಹೋದವಳು ನೀನು. ಬೀದಿಯಲ್ಲಿ ನಿಂತು, "ಮಂಚ ಹೇಳ್ತು ಕಣೇ" ಅಂತ ಸನ್ನೆ ಮಾಡಿದೆ. ಮಂಚ ಹೇಗೆ ಹೇಳಿತು ಅಕ್ಕ? ನಿನ್ನ ಮೌನದೊಳಕ್ಕೆ ಇನ್ನೂ ಏನೇನು ಬಂದು ಮುಟ್ಟುತ್ತದೆ? ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿಯೂ ನಾನು ಕೇಳಿರಲಿಲ್ಲ.

ನನಗೆ ಸೀಟಿ ಬೇಡ. ಕೈಗೆ ಸಿಕ್ಕಿದ್ದರಿಂದ ಕುಟ್ಟುತ್ತೇನೆ. ಅದು ನಿನ್ನವರೆಗೆ ಬರುತ್ತದೆಯೋ ಇಲ್ಲವೋ ಇವತ್ತೇ ನೋಡಿಬಿಡೋಣ. ಸಂಜೆ ನಾನು ಬರುವ ಹೊತ್ತಿಗೆ ಬಚ್ಚಲಿನ ನೀರಿನ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿರು. ಕೆಳಗೆ ಮೆಟ್ಟಿಲ ಬುಡದಲ್ಲಿ ಅದೇ ಪೈಪನ್ನು ಕಲ್ಲಿನಿಂದ ಕುಟ್ಟುತ್ತೇನೆ. ನಗಬೇಡ. ಕೆಳಮನೆಯಾಕೆ ಬೈದರೆ ಬೈಸಿಕೊಳ್ಳುವವಳು ಹೇಗೂ ನಾನೊಬ್ಬಳೇ.

ಮೇಲೆ ಬಂದ ಮೇಲೆ ಬೆಲ್ಲು ಒತ್ತಿ ನಿನಗೆ ಕಾಣುವ ಆ ದೀಪ ಹೊತ್ತಿಸುವುದಿಲ್ಲ, ಬಾಗಿಲ ಮುಂದೆ ಸುಮ್ಮನೆ ನಿಂತಿರುತ್ತೇನೆ. ಕುಟ್ಟಿದ್ದು ಅಂಗೈಗೆ ಬಂದರೆ ನೀನಾಗಿ ಬಂದು ತೆಗೆ.