ಮಣ್ಣು ಸಿಗದ ಹನ್ನೊಂದು ತಿಂಗಳು

ಬೆಣಚುಗುಡ್ಡ ಕಾಲೊನಿ
ಹದಿಮೂರನೇ ತಿಂಗಳ ಒಂಬತ್ತು, ೨೧೮೭

ನನ್ನ ತಾತನ ಮುತ್ತಾತ ಕದರಪ್ಪನಿಗೆ,

ಸರ್ಕಾರ ಕೊಡ್ತೀವಿ ಅಂದಿದ್ದು: ಕಾಲೊನಿಯ ಸ್ಮಶಾನಕ್ಕೆ ಎರಡು ಎಕರೆ, ಅದಕ್ಕೊಂದು ಬೇಲಿ, ಹೆಣ ಹೊತ್ತು ಹೋಗಲು ದಾರಿ. ಕೊಟ್ಟಿದ್ದು: ಏನೂ ಇಲ್ಲ.

ತಾರೀಖು ನೋಡಿ ಗಾಬರಿಯಾಗಬೇಡ. ಬಿಸಿಲಿಗೆ ಹಗಲಲ್ಲಿ ಯಾರೂ ಹೊರಗೆ ಕಾಲಿಡಲಾಗದ ದಿನಗಳನ್ನು ಒಟ್ಟು ಮಾಡಿ ನಾವು ಬೇರೆ ತಿಂಗಳೇ ಮಾಡಿಕೊಂಡಿದ್ದೇವೆ, ಬೇಗೆ ತಿಂಗಳು ಅಂತ. ನನ್ನ ಪದಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಿನ್ನ ಹತ್ತಿರ ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ.

ನನ್ನ ಹೆಸರು ಲಕುಮಕ್ಕ, ನಿನ್ನಿಂದ ಆರನೇ ತಲೆಯವಳು. ನನ್ನ ಅಮ್ಮ ಮಾರಕ್ಕ ಸತ್ತು ಹನ್ನೊಂದು ತಿಂಗಳಾಯಿತು, ಇನ್ನೂ ಮಣ್ಣಾಗಿಲ್ಲ. ಸರದಿಮನೆಯಲ್ಲಿದ್ದಾಳೆ. ಸ್ವಂತ ಸ್ಮಶಾನವಿಲ್ಲದವರ ಹೆಣಗಳನ್ನು ಪಾಳಿ ಬರುವ ತನಕ ತಣ್ಣಗಿಡುವ ಸರ್ಕಾರಿ ಗೋದಾಮು ಅದು. ವಾರಕ್ಕೊಮ್ಮೆ ಗಾಜಿನಾಚೆಯಿಂದ ಮುಖ ತೋರಿಸುತ್ತಾರೆ. ಒಂದು ಎಲೆ ಅಡಿಕೆ ಇಡಲೂ ಬಿಡುವುದಿಲ್ಲ. ಮೇಲುಕೇರಿಯವರ ಸ್ಮಶಾನಕ್ಕೆ ಇವತ್ತೂ ಗೇಟಿದೆ, ನೆರಳಿದೆ, ಬಂದವರು ಕೂರಲು ಕಲ್ಲುಬೆಂಚಿದೆ.

ಆ ಎರಡು ಎಕರೆಗಾಗಿ ನೀನು ಇಪ್ಪತ್ತು ವರ್ಷ ಹೋರಾಡಿದೆ, ನಿಜ. ಲಾಠಿ ಏಟಿಗೆ ನಿನ್ನ ಎಡಗೈ ಸೊಟ್ಟಗಾಯಿತು, ಅದೂ ನಿಜ. ಕಾಗದಪತ್ರ ಗೊತ್ತಿರೋನು ನೀನೊಬ್ಬನೇ ಅಂತ ನೂರಾ ನಲವತ್ತು ಮನೆಯ ಹೆಬ್ಬೆಟ್ಟಿದ್ದ ಅರ್ಜಿ, ಹಳೇ ನಕ್ಷೆ, ಎಲ್ಲವನ್ನೂ ಕಾಲೊನಿಯವರು ನಿನ್ನ ಚೀಲಕ್ಕೆ ಹಾಕಿದರು. ಒಂದು ನಕಲೂ ಇಟ್ಟುಕೊಳ್ಳಲಿಲ್ಲ. ನಮ್ಮ ಕದರಪ್ಪನ ಮೇಲೇ ಅನುಮಾನಪಟ್ಟಂತೆ ಆಗುತ್ತೆ ಅಂದುಕೊಂಡರು. ವಿಚಾರಣೆಯ ದಿನ ತಹಶೀಲ್ದಾರ್ ಕಚೇರಿ ಮುಂದೆ ನಿಂತು ನಿನ್ನ ದಾರಿ ಕಾಯ್ದರು. ನೀನು ಮಂತ್ರಿಯ ಸಭೆಯಲ್ಲಿದ್ದೆ. ವೇದಿಕೆ ಮೇಲೆ ನಿನಗೊಂದು ಕುರ್ಚಿ ಹಾಕಿಸಿದ್ದರು, ಹಾರ ಹಾಕುವವರಿದ್ದರು. ಚೀಲ ನಿನ್ನ ತೊಡೆ ಮೇಲೇ ಇತ್ತು. ದಾಖಲೆ ಹಾಜರುಪಡಿಸಿಲ್ಲ ಅಂತ ಅರ್ಜಿ ವಜಾ ಆಯಿತು. ಅರ್ಧ ಗಂಟೆ ತಡವಾಯಿತಷ್ಟೇ ಅಂದೆಯಂತೆ. ಆ ಅರ್ಧ ಗಂಟೆಯಲ್ಲಿ ಯಾವುದನ್ನು ಮುಂದಿಟ್ಟೆಯೋ ಅದೇ ನೀನಾದೆ. ಆ ಇಪ್ಪತ್ತು ವರ್ಷದ ಹೋರಾಟ ಲೆಕ್ಕಕ್ಕೆ ಉಳಿಯಲಿಲ್ಲ.

ನಮ್ಮಲ್ಲಿ ಮುನ್ನೆಸರು ಅಂತ ಒಂದು ಪದ್ಧತಿ ಇದೆ. ನಲವತ್ತು ತುಂಬಿದವರ ಬಗ್ಗೆ ಕೇರಿಯವರು ಕೂತು, ಕಷ್ಟ ಬಂದಾಗ ಇವರು ಏನನ್ನು ಮುಂದಿಟ್ಟರು ಅಂತ ಮಾತಾಡಿ, ಅದನ್ನೇ ಹೆಸರಿನ ಮುಂದೆ ಸೇರಿಸುತ್ತಾರೆ. ನೀರು ಹಂಚಿದವಳು ನೀರಿನ ಈರಕ್ಕ. ಬಾಗಿಲು ಹಾಕಿಕೊಂಡವನು ಚಿಲಕದ ಮಲ್ಲಯ್ಯ. ನಿನ್ನ ವಂಶಕ್ಕೆ ಮಾತ್ರ ಹುಟ್ಟುವಾಗಲೇ ಹೆಸರು ಸಿದ್ಧ. ನಾನು ಸಭೆಗೆ ಹೋದರೆ ಪಕ್ಕದ ಮನೆ ಬೋರಜ್ಜಿ, ಕುರ್ಚಿಯವರ ಹೆಣ್ಣು ಬಂದವ್ಳೆ, ನೆಲ ಒತ್ತೀತು, ಕೂರಕ್ಕೆ ಏನಾದ್ರೂ ಹಾಕ್ರಲಾ ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಸೊಸೆಯಾಗಿ ಬಂದ ತಪ್ಪಿಗೆ ಅಮ್ಮ ಸಾಯುವ ತನಕ ಪ್ರತಿ ಸಭೆಯಲ್ಲೂ ನಿಂತೇ ಇದ್ದಳು.

ಸ್ಮಶಾನಕ್ಕಾಗಿ ಕಾಲೊನಿ ಈಗ ಮತ್ತೆ ಹಾಕಿರುವ ಅರ್ಜಿಯಲ್ಲಿ ನನ್ನ ಸಹಿಯೂ ಇದೆ. ಹೋದ ತಿಂಗಳು ಸರದಿಮನೆಯ ಅಧಿಕಾರಿ ನನ್ನನ್ನು ಕರೆಸಿದ. ಕಾಲೊನಿಯ ಹೊಸ ಅರ್ಜಿಯಿಂದ ನಿನ್ನ ಹೆಸರು ತೆಗೆಸಮ್ಮ, ನಿಮ್ಮಮ್ಮನಿಗೊಬ್ಬಳಿಗೆ ನಾಳೇನೇ ಜಾಗ ಕೊಡಿಸ್ತೀನಿ ಅಂದ. ಪೆನ್ನು ಕೈಗೆ ತಗೊಂಡೆ, ತಾತ. ಸುಳ್ಳು ಹೇಳುವುದಿಲ್ಲ. ನಿನ್ನ ರಕ್ತ. ಆಮೇಲೆ ಅಮ್ಮನ ಪಕ್ಕದಲ್ಲೇ ಮಲಗಿಸಿದ್ದ ನಮ್ಮ ಕಾಲೊನಿಯ ಇನ್ನೂ ಆರು ಹೆಣ ನೆನಪಾದವು. ಪೆನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ.

ಇನ್ನು ನಿನ್ನ ಲೆಕ್ಕ. ಅರ್ಜಿ ವಜಾ ಆದ ವರ್ಷವೇ ಮಂತ್ರಿ ಕಾಲೊನಿಯ ನಡುವೆ ನಿನ್ನ ಹೆಸರಿನ ಸಮುದಾಯ ಭವನ ಕಟ್ಟಿಸಿದನಲ್ಲ, ನಮ್ಮದು ಅಂತ ಉಳಿದಿರುವ ಮಣ್ಣು ಅದರ ಅಡಿಯಲ್ಲಿರುವುದೊಂದೇ. ಅದರ ನೆಲ ಒಡೆಯುತ್ತೇವೆ. ನಿನ್ನ ಹೆಸರು ಕೆತ್ತಿದ ಕಲ್ಲನ್ನು ಕಿತ್ತು ಪುಡಿ ಮಾಡಿ ಗುಂಡಿಗೆ ತುಂಬುತ್ತೇವೆ. ಸರದಿಮನೆಯ ಕಾವಲಿನವರೂ ನಮ್ಮವರೇ, ಏಳೂ ಹೆಣ ಹೊರಗೆ ಬರುತ್ತವೆ. ಮೊದಲ ಗುಂಡಿ ಬೋರಜ್ಜಿಯ ಮಗನಿಗೆ, ಅವನೇ ಎಲ್ಲರಿಗಿಂತ ಮುಂಚೆ ಸತ್ತವನು. ಅಮ್ಮನದು ಕೊನೆಯದು. ಪೊಲೀಸರು ಬಂದರೆ ಬರಲಿ.

ಗುದ್ದಲಿ, ಹಾರೆ ಇದ್ದವರೆಲ್ಲ ಬರುತ್ತಿದ್ದಾರೆ. ಸಭೆ ಇದೇ ತಿಂಗಳ ಹನ್ನೊಂದು, ಗುರುವಾರ, ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮುಂಚೆ, ಭವನದ ಬಾಗಿಲಲ್ಲಿ.